ಮಹಡಿ ಮೇಲಿನ ಲ್ಯಾಪ್‌ಟಾಪ್‌ಗೆ ಕೆಳಗಿನ ಪ್ರಿಂಟರ್: ಒಂದು ರಿಪೇರಿ ಲಾಗ್

ಶಿವಮೊಗ್ಗದ ನಮ್ಮ ಅಕ್ಕನ ಮನೆಯಲ್ಲಿ ಪ್ರಿಂಟರ್ ಇರುವುದು ಒಂದೇ. ಕಪ್ಪು-ಬಿಳುಪು ಲೇಸರ್. ವೈಫೈ ಇಲ್ಲ, ಲ್ಯಾನ್ ಕೇಬಲ್ ಹಾಕುವ ಜಾಗವೂ ಇಲ್ಲ, ಹಿಂದೆ ಒಂದು ಯುಎಸ್‌ಬಿ ಪೋರ್ಟ್ ಅಷ್ಟೇ. ಕೆಳಗೆ ಹಾಲ್‌ನಲ್ಲಿರುವ ವಿಂಡೋಸ್ 10 ಡೆಸ್ಕ್‌ಟಾಪ್‌ಗೆ ಅದನ್ನು ಸಿಕ್ಕಿಸಿದ್ದಾರೆ. ಭಾವ ಪಹಣಿ, ಬ್ಯಾಂಕಿನ ಕಾಗದ ತೆಗೆಯುವುದು ಅದರಲ್ಲೇ. ಅಕ್ಕ ಹೈಸ್ಕೂಲ್ ಟೀಚರ್, ಅವಳ ಪ್ರಶ್ನೆಪತ್ರಿಕೆಗಳೂ ಅದರಲ್ಲೇ. ಪಿಯು ಓದುತ್ತಿರುವ ಮಗಳ ಲ್ಯಾಪ್‌ಟಾಪ್ ಇರುವುದು ಮಹಡಿ ಮೇಲೆ. ಹಳೆ ಲ್ಯಾಪ್‌ಟಾಪ್ ಇದ್ದಾಗ ಮೇಲಿಂದಲೇ ಪ್ರಿಂಟ್ ಕೊಡುತ್ತಿದ್ದಳು. ವಿಂಡೋಸ್ 11 ಇರುವ ಹೊಸದು ಬಂತು, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಮೇಲೆ ಸಿಗ್ನಲ್ ಬರಲ್ಲ ಅಂತ ಎರಡನೇ ರೂಟರ್ ಕೂಡ ಬಂತು. ಅಲ್ಲಿಂದ ಪ್ರಿಂಟರ್ ಸಿಗುವುದೇ ನಿಂತುಹೋಯಿತು.

"ಬಿಡೋ, ವೈಫೈ ಇರೋದು ಇನ್ನೊಂದು ತಗೊಂಡ್ಬಿಡೋಣ" ಅಂದರು ಭಾವ. ನನಗೆ ಒಪ್ಪಿಗೆ ಆಗಲಿಲ್ಲ. ಅಕ್ಷರ ಇನ್ನೂ ಕಡುಕಪ್ಪಾಗಿ ಬರುತ್ತದೆ, ಟೋನರ್ ಅಗ್ಗಕ್ಕೆ ಸಿಗುತ್ತದೆ, ಪೇಪರ್ ಸಿಕ್ಕಿಹಾಕಿಕೊಳ್ಳುವುದು ಅಪರೂಪ. ಇಂಥ ಪ್ರಿಂಟರನ್ನು ಮೂಲೆಗೆ ಹಾಕುವುದು ಸರಿ ಅಲ್ಲ. ಅದೂ ಅಲ್ಲದೆ, ಒಂದು ಕಂಪ್ಯೂಟರ್‌ನ ಪ್ರಿಂಟರನ್ನು ಮನೆಯ ಬೇರೆ ಕಂಪ್ಯೂಟರ್‌ಗಳಿಗೂ ಹಂಚುವ ಶೇರಿಂಗ್ ಕೆಟ್ಟಾಗ ತಪ್ಪು ಪ್ರಿಂಟರಿನದ್ದಾಗಿರುವುದು ತುಂಬಾ ಕಮ್ಮಿ. ನಡುವೆ ಇರುವ ಯಾವುದೋ ಬಾಗಿಲು ಮುಚ್ಚಿರುತ್ತದೆ. ಯಾವುದು ಅಂತ ಪ್ರಿಂಟರ್ ಕಡೆಯಿಂದ ಒಂದೊಂದಾಗಿ ನೋಡುತ್ತಾ ಹೋಗಬೇಕು. ಲ್ಯಾಪ್‌ಟಾಪ್ ಮುಂದೆ ಕೂತು ಸಿಕ್ಕಸಿಕ್ಕ ಸೆಟ್ಟಿಂಗ್ ಬದಲಿಸಿದರೆ ಕೊನೆಗೆ ಏನು ಬದಲಿಸಿದೆವು ಅನ್ನುವುದೇ ನೆನಪಿರುವುದಿಲ್ಲ.

ಕೆಳಗಿನ ಡೆಸ್ಕ್‌ಟಾಪ್

ಮೊದಲು ಡೆಸ್ಕ್‌ಟಾಪ್‌ನಿಂದಲೇ ಟೆಸ್ಟ್ ಪೇಜ್ ಕೊಟ್ಟೆ. ಬಂತು. ಟೋನರ್, ಕೇಬಲ್, ಡ್ರೈವರ್ (ಪ್ರಿಂಟರ್ ಜೊತೆ ಮಾತಾಡುವ ಸಾಫ್ಟ್‌ವೇರ್) ಮೂರೂ ಸರಿ ಇವೆ ಅಂತಾಯಿತು, ಅವುಗಳ ತಂಟೆಗೆ ಮತ್ತೆ ಹೋಗಬೇಕಾಗಿಲ್ಲ.

ಆಮೇಲೆ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್ ನೋಡಿದೆ. ಶೇರ್ ಆಗಿತ್ತು. ಆದರೆ ಹೆಸರು ಕಂಪನಿ ಇಟ್ಟ ಉದ್ದನೆಯದ್ದು, ನಡುನಡುವೆ ಸ್ಪೇಸ್. ಅದನ್ನು ತೆಗೆದು ಚಿಕ್ಕದಾಗಿ 'ಲೇಸರ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟೆ. ಮುಂದೆ ಈ ಹೆಸರನ್ನು ಕೈಯಲ್ಲೇ ಟೈಪ್ ಮಾಡಬೇಕಾಗುತ್ತದೆ, ಆಗ ಚಿಕ್ಕ ಹೆಸರಿನ ಬೆಲೆ ಗೊತ್ತಾಗುತ್ತದೆ. ಕಂಪ್ಯೂಟರ್ ಹೆಸರೂ ಹಾಗೇ ಇತ್ತು, ವಿಂಡೋಸ್ ತಾನೇ ಕೊಟ್ಟ ಅಕ್ಷರ-ಅಂಕಿಗಳ ಸಾಲು. ಅದನ್ನು 'ಹಾಲ್-ಪಿಸಿ' ಮಾಡಿ ರೀಸ್ಟಾರ್ಟ್ ಕೊಟ್ಟೆ.

ಮೊದಲ ಮುಚ್ಚಿದ ಬಾಗಿಲು ಇಲ್ಲೇ ಸಿಕ್ಕಿತು. ನೆಟ್‌ವರ್ಕ್ ಪ್ರೊಫೈಲ್ 'ಪಬ್ಲಿಕ್' ಅಂತ ಇತ್ತು. ಬಸ್ ಸ್ಟ್ಯಾಂಡ್, ಹೋಟೆಲ್ ವೈಫೈಗೆ ಇರಬೇಕಾದ ಸೆಟ್ಟಿಂಗ್ ಅದು. ಅದರಲ್ಲಿ ಇದ್ದರೆ ವಿಂಡೋಸ್ ಫೈರ್‌ವಾಲ್ ಹೊರಗಿನಿಂದ ಬರುವ ಶೇರಿಂಗ್ ಕೋರಿಕೆಗಳನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ, 'ಇದ್ದೀಯಾ?' ಅಂತ ಇನ್ನೊಂದು ಕಂಪ್ಯೂಟರ್ ಕೇಳುವ ಪಿಂಗ್‌ಗೂ ಉತ್ತರ ಕೊಡುವುದಿಲ್ಲ. ಹಾಗಾಗಿ ಪಿಂಗ್‌ಗೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಆ ಕಂಪ್ಯೂಟರ್ ನೆಟ್‌ವರ್ಕ್‌ನಲ್ಲೇ ಇಲ್ಲ ಅಂತ ಅಂದುಕೊಳ್ಳಬಾರದು. ಪ್ರೊಫೈಲನ್ನು 'ಪ್ರೈವೇಟ್' ಮಾಡಿದೆ. ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿದೆ. ಫೈರ್‌ವಾಲ್ ಆಫ್ ಮಾಡಿ ನೋಡಿ ಅಂತ ಸಲಹೆ ಕೊಡುವವರು ಬಹಳ ಜನ ಇದ್ದಾರೆ. ಅದರ ಅಗತ್ಯ ಇಲ್ಲ. ಪ್ರೊಫೈಲ್ ಸರಿ ಇದ್ದರೆ ಬೇಕಾದಷ್ಟು ದಾರಿಯನ್ನು ಫೈರ್‌ವಾಲ್ ತಾನೇ ಬಿಡುತ್ತದೆ.

ಹಳೆ ವಿಡಿಯೊಗಳಲ್ಲಿ 'ಹೋಮ್‌ಗ್ರೂಪ್' ಮಾಡಿ ಅಂತ ಹೇಳುತ್ತಾರಲ್ವಾ, ಅದನ್ನು ಹುಡುಕುತ್ತಾ ಕೂರಬೇಡಿ. 2018ರಲ್ಲಿ ಬಂದ ವಿಂಡೋಸ್ 10ರ 1803 ಆವೃತ್ತಿಯಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಎರಡು ರೂಟರ್

ಮೇಲೆ ಹೋಗಿ ಲ್ಯಾಪ್‌ಟಾಪ್ ತೆಗೆದೆ. ನೆಟ್‌ವರ್ಕ್ ವಿಂಡೋದಲ್ಲಿ ಹಾಲ್-ಪಿಸಿ ಕಾಣಲಿಲ್ಲ. ಹೆಸರು ಹಾಕಿ ಪಿಂಗ್ ಮಾಡಿದರೆ ಆ ಹೆಸರಿನವರು ಯಾರೂ ಇಲ್ಲ ಅಂದಿತು. ಕೆಳಗಿನ ಡೆಸ್ಕ್‌ಟಾಪ್‌ನ ಐಪಿ ನಂಬರ್ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಹಾಕಿದರೆ ಮಾತ್ರ ಸಲೀಸಾಗಿ ಉತ್ತರ ಬಂತು. ವಿಚಿತ್ರ ಅನ್ನಿಸಿತು. ಕೆಳಗೆ ಹೋಗಿ ಉಲ್ಟಾ ಮಾಡಿ ನೋಡಿದೆ, ಡೆಸ್ಕ್‌ಟಾಪ್‌ನಿಂದ ಲ್ಯಾಪ್‌ಟಾಪ್ ನಂಬರಿಗೆ. ಏನೂ ಇಲ್ಲ.

ಎರಡೂ ಕಡೆ ಕಮಾಂಡ್ ಪ್ರಾಂಪ್ಟ್ ತೆಗೆದು, ಆ ಕಂಪ್ಯೂಟರ್‌ನ ಐಪಿ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಕೊಟ್ಟ ಮೇಲೆ ವಿಷಯ ಬಿಡಿಸಿಕೊಂಡಿತು. ಕೆಳಗೆ 192.168.1.5. ಮೇಲೆ 192.168.0.102. ಚುಕ್ಕಿಗಳ ನಡುವೆ ಬರುವ ಮೂರನೇ ಸಂಖ್ಯೆ ನೋಡಿ, ಒಂದು ಕಡೆ 1, ಇನ್ನೊಂದು ಕಡೆ 0. ಒಂದೇ ಮನೆಯೊಳಗೆ ಎರಡು ಬೇರೆ ಬೇರೆ ಊರು ಆಗಿಬಿಟ್ಟಿದೆ.

ಕಾರಣ ಮಹಡಿ ಮೇಲಿನ ರೂಟರ್. ಫೈಬರ್ ಕನೆಕ್ಷನ್‌ನವರು ಹಾಕಿದ ಮೊದಲ ರೂಟರ್ ಕೆಳಗಿದೆ. ಅಲ್ಲಿಂದ ಒಂದು ಕೇಬಲ್ ಮೇಲೆ ಎಳೆದು ಎರಡನೇ ರೂಟರಿನ ವ್ಯಾನ್ ಪೋರ್ಟ್‌ಗೆ ಸಿಕ್ಕಿಸಿದ್ದಾರೆ, ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್‌ಗೆ ಅಂತ ಬೇರೆ ಬಣ್ಣದಲ್ಲಿ ಒಂಟಿಯಾಗಿ ಇರುತ್ತದಲ್ಲ ಅದಕ್ಕೆ. ವ್ಯಾನ್‌ಗೆ ಸಿಕ್ಕಿಸಿದರೆ ಎರಡನೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ತನ್ನ ಕಡೆಯವರಿಗೆ ತಾನೇ ಐಪಿ ಹಂಚುತ್ತದೆ. ಇಂಟರ್ನೆಟ್ ಎಲ್ಲರಿಗೂ ಸಿಗುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮೇಲಿನಿಂದ ಹೊರಗೆ ಹೋಗುವ ಮಾತಿಗೆ ದಾರಿ ಇದೆ, ಅದಕ್ಕೇ ನಂಬರ್ ಹಾಕಿದ ಪಿಂಗ್ ಹೋಗಿ ಬಂತು. ಕೆಳಗಿನಿಂದ ತಾನಾಗಿ ಒಳಗೆ ಬರಲು ದಾರಿ ಇಲ್ಲ. ಇನ್ನು 'ಹಾಲ್-ಪಿಸಿ ಯಾರು?' ಅಂತ ಇಡೀ ನೆಟ್‌ವರ್ಕ್‌ಗೆ ಕೂಗಿ ಕೇಳುವ ಪ್ಯಾಕೆಟ್‌ಗಳು ರೂಟರ್ ದಾಟುವುದೇ ಇಲ್ಲ. ಹೆಸರು ಸಿಗದೇ ಇದ್ದದ್ದು ಇದಕ್ಕೆ. ಎರಡನೇ ರೂಟರ್ ಇರುವ ಮನೆಗಳಲ್ಲಿ ಇದು ತುಂಬಾ ಮಾಮೂಲಿ.

ಐಪಿ ನಂಬರ್ ಕೊಟ್ಟೇ ಪ್ರಿಂಟರ್ ಸೇರಿಸಿ ಮುಗಿಸಬಹುದಿತ್ತು. ಆದರೆ ಬುಡ ಸರಿ ಮಾಡದೆ ಮೇಲೆ ತೇಪೆ ಹಾಕಿದರೆ ಇನ್ನೊಂದು ದಿನ ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಹಾಗಾಗಿ ಎರಡನೇ ರೂಟರನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಿದೆ, ಅಂದರೆ ತನ್ನದೇ ನೆಟ್‌ವರ್ಕ್ ಕಟ್ಟದೆ ಕೆಳಗಿನದ್ದನ್ನೇ ವೈಫೈನಲ್ಲಿ ಹರಡುವಂತೆ. ಕೆಲವು ರೂಟರ್‌ಗಳ ಮೆನುವಿನಲ್ಲೇ ಆ ಹೆಸರಿನ ಮೋಡ್ ಇರುತ್ತದೆ, ಇದರಲ್ಲಿ ಇರಲಿಲ್ಲ. ಕೈಯಲ್ಲೇ ಮಾಡಬೇಕಾಯಿತು.

ಇದರಲ್ಲಿ ಕ್ರಮ ಮುಖ್ಯ. ಮೊದಲು ಕೆಳಗಿನ ಮುಖ್ಯ ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಪಟ್ಟಿ ನೋಡಿದೆ. 192.168.1.2ರಿಂದಲೇ ನಂಬರ್ ಹಂಚುತ್ತಿತ್ತು. ಅದನ್ನು 20ರಿಂದ ಶುರುವಾಗುವಂತೆ ಮಾಡಿ ಮೊದಲ ಕೆಲವು ನಂಬರ್ ಖಾಲಿ ಉಳಿಸಿದೆ. ಆಮೇಲೆ ಲ್ಯಾಪ್‌ಟಾಪ್‌ನಿಂದ ಮೇಲಿನ ರೂಟರಿನ ಪೇಜ್ ತೆಗೆದು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿದೆ. ಸೇವ್ ಕೊಟ್ಟ ತಕ್ಷಣ ಕನೆಕ್ಷನ್ ಕಡಿದುಹೋಗುತ್ತದೆ, ಗಾಬರಿ ಬೇಡ. ಕೆಲವು ರೂಟರ್‌ಗಳು ವ್ಯಾನ್ ಕಡೆಯೂ ಅದೇ ಸಾಲಿನ ನಂಬರ್ ಇದ್ದರೆ ತಕರಾರು ತೆಗೆಯುತ್ತವೆ, ಹಾಗಾಗಿ ಇಷ್ಟೂ ಕೆಲಸ ಮುಗಿಯುವವರೆಗೆ ವ್ಯಾನ್ ಕೇಬಲ್ ಕಿತ್ತಿಟ್ಟಿರುವುದು ಒಳ್ಳೆಯದು. ಹೊಸ ನಂಬರ್ ಹಾಕಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿದೆ. ಎಲ್ಲಕ್ಕಿಂತ ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಬದಲು ಲ್ಯಾನ್ ಪೋರ್ಟ್‌ಗೆ ಹಾಕಿದೆ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಿಸಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ನಂಬರ್ ಹಂಚಲು ಶುರು ಮಾಡುತ್ತಾರೆ. ಆಗ ಇದ್ದ ಇಂಟರ್ನೆಟ್ ಕೂಡ ಹೋಗುತ್ತದೆ.

ವೈಫೈ ಮತ್ತೆ ಕನೆಕ್ಟ್ ಮಾಡಿ ಐಪಿಕಾನ್ಫಿಗ್ ಕೊಟ್ಟರೆ 192.168.1.23. ಹೆಸರಿನ ಪಿಂಗ್‌ಗೂ ಉತ್ತರ ಬಂತು. ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಅನ್ನುವ ಕಮಾಂಡ್ ಇದೆ, ಅದಕ್ಕೆ ಕಂಪ್ಯೂಟರ್ ಹೆಸರು ಮತ್ತು ಪೋರ್ಟ್ 445 ಕೊಟ್ಟೆ. ಇಲ್ಲಿ ಪೋರ್ಟ್ ಅಂದರೆ ಕೇಬಲ್ ಸಿಕ್ಕಿಸುವ ಜಾಗ ಅಲ್ಲ, ಒಂದೊಂದು ಸೇವೆಗೆ ಇರುವ ಬಾಗಿಲಿನ ನಂಬರ್; ವಿಂಡೋಸ್ ಶೇರಿಂಗ್ ನಡೆಯುವುದು ಆ ಪೋರ್ಟ್‌ನಲ್ಲೇ. ಕೊನೆ ಸಾಲಿನಲ್ಲಿ 'ಟ್ರೂ' ಅಂತ ಬಂದರೆ ದಾರಿ ತೆರೆದಿದೆ ಅಂತ ಅರ್ಥ. ಬಂತು. ಪಿಂಗ್‌ಗಿಂತ ಈ ಪರೀಕ್ಷೆ ನಂಬಿಕೆಗೆ ಯೋಗ್ಯ.

ಪಾಸ್‌ವರ್ಡ್ ಕೇಳಿತು

ಲ್ಯಾಪ್‌ಟಾಪ್‌ನ ರನ್ ಬಾಕ್ಸ್‌ನಲ್ಲಿ \\ಹಾಲ್-ಪಿಸಿ ಅಂತ ಕೊಟ್ಟೆ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. "ನಾಲ್ಕು ಅಂಕಿದು ಇದೆಯಲ್ಲ, ಹಾಕು" ಅಂದರು ಭಾವ. ಅದು ಪಿನ್. ಪಿನ್ ನಡೆಯುವುದು ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ಬಂದವರಿಗೆ ಅಲ್ಲ. ಪಾಸ್‌ವರ್ಡೇ ಇಲ್ಲದ ಅಕೌಂಟ್ ಆದರೂ ಅಷ್ಟೇ, ಖಾಲಿ ಪಾಸ್‌ವರ್ಡ್‌ನಲ್ಲಿ ದೂರದಿಂದ ಒಳಗೆ ಬರಲು ವಿಂಡೋಸ್ ಮೊದಲಿನಿಂದಲೇ ಬಿಡುವುದಿಲ್ಲ.

ಇಲ್ಲಿ ಸುಲಭದ ದಾರಿ ಅಂತ ಬಹಳ ಜನ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡುತ್ತಾರೆ. ನಾನು ಮಾಡಲಿಲ್ಲ. ವಿಂಡೋಸ್ 11 ಪ್ರೊನ 24ಎಚ್2 ಆವೃತ್ತಿಯಿಂದ ಹೀಗೆ ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಹೋಗುವುದನ್ನೇ ಆಫ್ ಮಾಡಿ ಕಳಿಸುತ್ತಿದ್ದಾರೆ, ಹಾಗಾಗಿ ಆ ದಾರಿ ಇವತ್ತು ನಡೆದರೂ ನಾಳೆ ನಡೆಯುತ್ತದೆ ಅನ್ನುವಂತಿಲ್ಲ. ಅದರ ಬದಲು ಕೆಳಗಿನ ಡೆಸ್ಕ್‌ಟಾಪ್‌ನಲ್ಲಿ 'ಮನೆ' ಅಂತ ಒಂದು ಹೊಸ ಲೋಕಲ್ ಅಕೌಂಟ್ ಮಾಡಿದೆ. ಸಾಧಾರಣ ಯೂಸರ್, ಅಡ್ಮಿನ್ ಅಲ್ಲ, ಗಟ್ಟಿ ಪಾಸ್‌ವರ್ಡ್. ಅದರಿಂದ ಯಾರೂ ಕೆಲಸ ಮಾಡಬೇಕಾಗಿಲ್ಲ, ಪ್ರಿಂಟ್‌ಗೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್‌ಗಳನ್ನು ನೆನಪಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಾಲ್-ಪಿಸಿ ಹೆಸರಿಗೆ ಹಾಲ್-ಪಿಸಿ\ಮನೆ ಮತ್ತು ಪಾಸ್‌ವರ್ಡ್ ಸೇರಿಸಿದೆ. ಯೂಸರ್‌ನೇಮ್ ಮುಂದೆ ಕಂಪ್ಯೂಟರ್ ಹೆಸರು ಹಾಕುವುದನ್ನು ಬಿಡಬೇಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್ ತನ್ನಲ್ಲೇ 'ಮನೆ' ಅನ್ನುವ ಅಕೌಂಟ್ ಹುಡುಕುವ ಸಾಧ್ಯತೆ ಇದೆ.

ಈಗ ವಿಂಡೋ ತೆರೆಯಿತು. 'ಲೇಸರ್' ಕಾಣಿಸಿತು. ಡಬಲ್ ಕ್ಲಿಕ್ ಮಾಡಿದೆ. ಕನೆಕ್ಟ್ ಆಗಲಿಲ್ಲ, ಕೊನೆಯಲ್ಲಿ 11ಬಿ ಅಂತ ಇರುವ ಎರರ್ ಬಂತು.

11ಬಿ

ಈ ಎರರ್‌ಗೆ ಹಿನ್ನೆಲೆ ಇದೆ, ಅದು ಗೊತ್ತಿದ್ದರೆ ಏನು ಮಾಡಬಾರದು ಅನ್ನುವುದೂ ಗೊತ್ತಾಗುತ್ತದೆ. ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಒಂದೊಂದಾಗಿ ಕಳಿಸುವ 'ಪ್ರಿಂಟ್ ಸ್ಪೂಲರ್' ಅನ್ನುವ ಸರ್ವಿಸ್ ವಿಂಡೋಸ್‌ನಲ್ಲಿ ಮೊದಲಿನಿಂದ ಇದೆ. 2021ರಲ್ಲಿ ಅದರಲ್ಲಿ ದೊಡ್ಡ ತೂತು ಇರುವುದು ಬಯಲಾಯಿತು, 'ಪ್ರಿಂಟ್‌ನೈಟ್‌ಮೇರ್' ಅನ್ನುವ ಹೆಸರು ಬಿತ್ತು. ಪ್ರಿಂಟರ್ ಡ್ರೈವರ್ ನೆಪದಲ್ಲಿ ಹೊರಗಿನವರು ಇಡೀ ಕಂಪ್ಯೂಟರನ್ನೇ ವಶ ಮಾಡಿಕೊಳ್ಳಬಹುದಿತ್ತು. ಮೈಕ್ರೋಸಾಫ್ಟ್ ಜುಲೈನಲ್ಲಿ ತುರ್ತು ಅಪ್‌ಡೇಟ್ ಬಿಟ್ಟಿತು. ಆಗಸ್ಟ್‌ನಿಂದ ಶೇರ್ ಆದ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಅನುಮತಿ ಬೇಕು ಅಂತಾಯಿತು. ಇನ್ನೊಂದು ಹಳೆ ತೂತಿಗೆ ಹಾಕಿದ ಬಿಗಿ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ಜಾರಿಗೆ ಬಂತು, 11ಬಿ ಎರರ್ ಎಲ್ಲ ಕಡೆ ಕಾಣಿಸಿಕೊಂಡದ್ದು ಆಗಲೇ. ಎರಡೂ ಕಂಪ್ಯೂಟರ್‌ಗಳು ಒಂದೇ ಮಟ್ಟಕ್ಕೆ ಅಪ್‌ಡೇಟ್ ಆಗಿರದಿದ್ದರೆ ಇದು ಇವತ್ತಿಗೂ ಬರುತ್ತದೆ.

ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿ, ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಕಣಜ) ಒಂದು ಸೆಟ್ಟಿಂಗನ್ನು ಸೊನ್ನೆ ಮಾಡಿ ಅಂತ ಎಲ್ಲೆಲ್ಲೂ ಹೇಳುತ್ತಾರೆ. ಮಾಡಿದರೆ ಪ್ರಿಂಟ್ ಬರುತ್ತದೆ, ನಿಜ. ಆದರೆ ಅದು ಮುಚ್ಚಿದ ತೂತನ್ನು ಮತ್ತೆ ತೆರೆಯುವ ಕೆಲಸ. ಭಾವ ನೆಟ್‌ಬ್ಯಾಂಕಿಂಗ್ ಮಾಡುವ ಕಂಪ್ಯೂಟರ್ ಅದು. ಹತ್ತು ಪೇಜ್ ನೋಟ್ಸ್‌ಗೋಸ್ಕರ ಅದನ್ನು ಮಾಡಲು ನನಗೆ ಮನಸ್ಸು ಬರಲಿಲ್ಲ.

ಡೆಸ್ಕ್‌ಟಾಪ್‌ಗೆ ಬಾಕಿ ಇದ್ದ ಅಪ್‌ಡೇಟ್ ಎಲ್ಲ ಹಾಕಿದೆ. ಎರರ್ ಹೋಗಲಿಲ್ಲ. ಆಗ ಲೋಕಲ್ ಪೋರ್ಟ್ ದಾರಿ ಹಿಡಿದೆ. ಡ್ರೈವರನ್ನು ಕೆಳಗಿನ ಕಂಪ್ಯೂಟರ್‌ನಿಂದ ಎಳೆದುಕೊಳ್ಳುವ ಬದಲು ಲ್ಯಾಪ್‌ಟಾಪ್‌ನಲ್ಲೇ ಹಾಕಿಟ್ಟು, ತಯಾರಾದ ಪ್ರಿಂಟನ್ನು ಮಾತ್ರ ಶೇರ್ ವಿಳಾಸಕ್ಕೆ ತಳ್ಳುವುದು.

ಮೊದಲು ಲ್ಯಾಪ್‌ಟಾಪ್ ಕೆಳಗೆ ತಂದು ಪ್ರಿಂಟರಿನ ಯುಎಸ್‌ಬಿ ಕೇಬಲನ್ನು ನೇರ ಅದಕ್ಕೇ ಸಿಕ್ಕಿಸಿದೆ. ಇಂಥ ಹಳೆ ಪ್ರಿಂಟರ್‌ಗಳ ಡ್ರೈವರ್ ಎಷ್ಟೋ ಸಲ ಕೇಬಲ್ ಇಲ್ಲದೆ ಇನ್‌ಸ್ಟಾಲ್ ಆಗಲು ಒಪ್ಪುವುದಿಲ್ಲ. ಡ್ರೈವರ್ ಕೂತಿತು, ಒಂದು ಪೇಜ್ ಬಂತು, ಕೇಬಲನ್ನು ವಾಪಸ್ ಡೆಸ್ಕ್‌ಟಾಪ್‌ಗೆ ಹಾಕಿದೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಆಡ್ ಪ್ರಿಂಟರ್ ಕೊಟ್ಟು, 'ನನಗೆ ಬೇಕಾದದ್ದು ಪಟ್ಟಿಯಲ್ಲಿಲ್ಲ' ಅನ್ನುವುದನ್ನು ಒತ್ತಿ, ಲೋಕಲ್ ಪ್ರಿಂಟರನ್ನು ಮ್ಯಾನ್ಯುವಲ್ ಆಗಿ ಸೇರಿಸುವ ಆಯ್ಕೆ ತೆಗೆದುಕೊಂಡೆ. 'ಕ್ರಿಯೇಟ್ ಎ ನ್ಯೂ ಪೋರ್ಟ್', ಅದರಲ್ಲಿ 'ಲೋಕಲ್ ಪೋರ್ಟ್'. ಪೋರ್ಟ್ ಹೆಸರು ಕೇಳಿದಾಗ \\ಹಾಲ್-ಪಿಸಿ\ಲೇಸರ್. ಡ್ರೈವರ್ ಪಟ್ಟಿಯಲ್ಲಿ ಆಗಲೇ ಹಾಕಿದ ಮಾಡೆಲ್ ಆರಿಸಿದೆ. ಟೆಸ್ಟ್ ಪೇಜ್ ಕೊಟ್ಟೆ. ಕೆಳಗಿನಿಂದ ಪೇಪರ್ ಎಳೆದುಕೊಳ್ಳುವ ಸದ್ದು ಮಹಡಿಗೇ ಕೇಳಿಸಿತು.

ಈ ದಾರಿಯಲ್ಲಿ ಒಂದು ಕೊರತೆ ಇದೆ. ಪೇಪರ್ ಖಾಲಿಯಾಗಿದ್ದರೂ ಲ್ಯಾಪ್‌ಟಾಪ್‌ಗೆ ಗೊತ್ತಾಗುವುದಿಲ್ಲ. ಪ್ರಿಂಟ್ ಕಳಿಸಿಕೊಟ್ಟರೆ ತನ್ನ ಕೆಲಸ ಮುಗಿಯಿತು ಅಂತ ಅದು ಸುಮ್ನೆ ಇರುತ್ತದೆ. ಮಗಳಿಗೆ ಇದನ್ನು ಹೇಳಿಕೊಟ್ಟಿದ್ದೇನೆ: ಪೇಜ್ ಬರಲಿಲ್ಲ ಅಂದರೆ ಮತ್ತೆ ಮತ್ತೆ ಪ್ರಿಂಟ್ ಒತ್ತಬಾರದು, ಮೊದಲು ಕೆಳಗೆ ಹೋಗಿ ಟ್ರೇ ನೋಡಬೇಕು.

ಆಮೇಲೆ ಬಂದ ದೂರುಗಳು

"ಮಾಮ, ಬೆಳಿಗ್ಗೆ ಬರ್ತಿತ್ತು, ಈಗ ಬರ್ತಿಲ್ಲ" ಅಂತ ಫೋನ್ ಬಂತು. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗಿತ್ತು. ಅದು ಮಲಗಿದರೆ ಪ್ರಿಂಟರ್ ಆನ್ ಇದ್ದರೂ ಪ್ರಯೋಜನ ಇಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ 'ನೆವರ್' ಮಾಡಿಸಿದೆ, ಸ್ಕ್ರೀನ್ ಮಾತ್ರ ಆಫ್ ಆಗುವಂತೆ ಬಿಟ್ಟೆ.

ಆಗ ಕಳಿಸಿದ ಪ್ರಿಂಟ್ ಒಂದು ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ಕ್ಯಾನ್ಸಲ್ ಕೊಟ್ಟರೆ 'ಡಿಲೀಟಿಂಗ್' ಅಂತ ತೋರಿಸುತ್ತಾ ಹಾಗೇ ಕೂತಿತ್ತು, ಅದರ ಹಿಂದೆ ಸಾಲಿನಲ್ಲಿ ನಿಂತವುಗಳನ್ನೂ ಬಿಡುತ್ತಿರಲಿಲ್ಲ. ಇದಕ್ಕೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಬೇಕು. ಆಮೇಲೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಒಂದೊಂದು ಪ್ರಿಂಟ್‌ಗೆ ಸಾಮಾನ್ಯವಾಗಿ ಎರಡೆರಡು ಫೈಲ್ ಇರುತ್ತವೆ, ಒಂದರ ಕೊನೆಗೆ ಎಸ್‌ಪಿಎಲ್, ಇನ್ನೊಂದರ ಕೊನೆಗೆ ಎಸ್‌ಎಚ್‌ಡಿ. ಆ ಫೈಲ್‌ಗಳನ್ನು ಅಳಿಸಬೇಕು, ಫೋಲ್ಡರನ್ನಲ್ಲ. ಮತ್ತೆ ಸ್ಪೂಲರ್ ಸ್ಟಾರ್ಟ್ ಮಾಡಿದರೆ ಸಾಲು ಖಾಲಿ. ಲ್ಯಾಪ್‌ಟಾಪ್‌ಗೂ ತನ್ನದೇ ಸಾಲು ಇದೆ, ಅಲ್ಲೂ ನೋಡಬೇಕು.

ಕರೆಂಟ್ ಹೋಗಿ ಬಂದ ಮೇಲೆ ಡೆಸ್ಕ್‌ಟಾಪ್‌ನ ಐಪಿ ಬದಲಾಗಬಹುದು. ಪೋರ್ಟ್‌ನಲ್ಲಿ ನಂಬರ್ ಬದಲು ಹೆಸರು ಹಾಕಿದ್ದರಿಂದ ತೊಂದರೆ ಆಗಲಿಲ್ಲ. ಆದರೂ ಮುಖ್ಯ ರೂಟರಿನಲ್ಲಿ ಆ ಕಂಪ್ಯೂಟರ್‌ಗೆ ಒಂದು ನಂಬರನ್ನು ಕಾಯಂ ಮಾಡಿಟ್ಟೆ. ಡಿಎಚ್‌ಸಿಪಿ ರಿಸರ್ವೇಷನ್ ಅನ್ನುವ ಕಡೆ ಅದರ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರ್) ಕೊಟ್ಟರೆ ಆಯಿತು.

ಅಕ್ಕನ ದೂರು ಬೇರೆ. ಅವಳ ಪ್ರಶ್ನೆಪತ್ರಿಕೆಯನ್ನು ಮೇಲಿನ ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಕೊಂಬು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಬಂದವು. "ಶೇರಿಂಗ್ ಮಾಡಿದ ಮೇಲೆ ಕನ್ನಡನೇ ಹಾಳಾಯ್ತಲ್ಲೋ" ಅಂದಳು. ಶೇರಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ. ಅವಳ ಫೈಲ್‌ಗಳೆಲ್ಲ ಹಳೆ ನುಡಿ ಫಾಂಟ್‌ನಲ್ಲಿವೆ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್ ಅಲ್ಲ. ಫೈಲ್ ಒಳಗೆ ಇರುವುದು ನಿಜಕ್ಕೂ ಆ ಇಂಗ್ಲಿಷ್ ಸಾಲಿನ ಚಿಹ್ನೆಗಳೇ, ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ನುಡಿ ಇರಲಿಲ್ಲ. ಪ್ರಿಂಟ್‌ಗಿಂತ ಮುಂಚೆ ಸ್ಕ್ರೀನ್ ಮೇಲೆ ನೋಡಿದ್ದರೂ ಹಾಗೇ ಕಾಣುತ್ತಿತ್ತು. ನುಡಿ ಹಾಕಿದೆ, ಸರಿಯಾಯಿತು. ಬೇರೆ ಯಾರಿಗಾದರೂ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸು ಅಂದೆ. ಪಿಡಿಎಫ್ ಒಳಗೆ ಫಾಂಟ್ ಕೂಡ ಸೇರಿಕೊಂಡಿರುತ್ತದೆ, ಎಲ್ಲಿ ತೆಗೆದರೂ ಅಕ್ಷರ ಹಾಗೇ ಇರುತ್ತದೆ.

ಇನ್ನು ಬಾಕಿ ಇರುವುದು ಮೊಬೈಲ್. ವಿಂಡೋಸ್ ಶೇರಿಂಗ್‌ನ ಪ್ರಿಂಟರ್ ಆಂಡ್ರಾಯ್ಡ್‌ಗೆ ತಾನಾಗಿ ಕಾಣುವುದಿಲ್ಲ, ಎರಡೂ ಮಾತಾಡುವ ಭಾಷೆ ಬೇರೆ. ಇದಕ್ಕೆ ಕಪ್ಸ್ ಅನ್ನುವ ಲಿನಕ್ಸ್ ಪ್ರಿಂಟ್ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ಪ್ರಿಂಟರನ್ನು ಅದು ಪೋರ್ಟ್ 631ರಲ್ಲಿ ಐಪಿಪಿ ಅನ್ನುವ ಪ್ರಿಂಟ್ ಭಾಷೆಯ ಮೂಲಕ ಹಂಚುತ್ತದೆ, ಜೊತೆಗೆ ಪ್ರಿಂಟರ್ ಇಲ್ಲಿದೆ ಅಂತ ನೆಟ್‌ವರ್ಕ್‌ಗೆ ಸಾರುವ ಅವಾಹಿ ಇದ್ದರೆ ಮೊಬೈಲ್‌ಗಳು ಪ್ರಿಂಟರನ್ನು ತಾವೇ ಹುಡುಕಿಕೊಳ್ಳುತ್ತವೆ. ಇದನ್ನು ಬೇರೊಂದು ಕಂಪ್ಯೂಟರ್‌ಗೆ ಹಾಕಿ ಪ್ರಿಂಟರನ್ನು ಅದಕ್ಕೇ ಸಿಕ್ಕಿಸಿದರೆ ಡೆಸ್ಕ್‌ಟಾಪ್ ಇಡೀ ದಿನ ಆನ್ ಇಡುವುದೂ ತಪ್ಪುತ್ತದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದರ ಮೇಲಿನ ಭಾರ ಇಳಿಸುವುದೂ ಒಳ್ಳೆಯದೇ. ಇದಕ್ಕೆ ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ತೆಗೆದುಕೊಳ್ಳಬಹುದು, ಆದರೆ ದುಡ್ಡು ಹಾಕುವ ಮುಂಚೆ ಒಂದು ವಿಷಯ ನೋಡಬೇಕು. ಇಂಥ ಹಳೆ ಲೇಸರ್‌ಗಳಲ್ಲಿ ಕೆಲವಕ್ಕೆ ಲಿನಕ್ಸ್ ಡ್ರೈವರ್ ಇದ್ದರೂ ಅದು ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ ಇರುತ್ತದೆ, ಪೈನಲ್ಲಿರುವ ಆರ್ಮ್ ಮಾದರಿಯ ಪ್ರೊಸೆಸರ್‌ಗೆ ಸಿಗುವುದಿಲ್ಲ. ಮಗಳ ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಹೋಗಿ ಬೀರುವಿನಲ್ಲಿ ಸುಮ್ನೆ ಬಿದ್ದಿದೆ, ಅದು ಇಂಟೆಲ್. ಅಡಾಪ್ಟರ್ ಸಿಕ್ಕಿಸಿದರೆ ಆನ್ ಆಗುತ್ತದೆ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕುತ್ತೇನೆ.